ಬೆಳ್ಳಕ್ಕಿ ಮತ್ತು ಬಾರ್ನಕಲ್: ಹೋಲಿಕೆಯ ಪ್ರಾಜೆಕ್ಟ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ವಿದ್ಯಾರ್ಥಿಗಳು, ಎಷ್ಟೋ ಸಲ ಅವರ ಮೇಷ್ಟ್ರುಗಳೂ, ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: “ನೀರಲ್ಲಿ ನಡೆದು ಮೇಯುವ ಒಂದು ಹಕ್ಕಿಯನ್ನೂ ಸಮುದ್ರದ ಬೇರೊಂದು ಜೀವಿಯನ್ನೂ ಹೋಲಿಸಬೇಕಂತೆ. ಎರಡಕ್ಕೂ ಏನೇನೂ ಸಂಬಂಧವಿಲ್ಲ. ಏನು ಬರೆಯೋದು?”

ಹೆಚ್ಚಿನವರು ಬರೆದು ತರುವುದು ಎರಡು ಕಾಲಂಗಳ ಚಾರ್ಟು. ಹಕ್ಕಿಗೆ ರೆಕ್ಕೆ ಇದೆ, ಇದಕ್ಕಿಲ್ಲ. ಹಕ್ಕಿಗೆ ಬೆನ್ನೆಲುಬಿದೆ, ಇದಕ್ಕಿಲ್ಲ. ಹಕ್ಕಿ ಬಿಸಿರಕ್ತದ್ದು, ಇದು ಅಲ್ಲ. ಇಪ್ಪತ್ತು ಸಾಲು ತುಂಬಿಸಿದರೂ ಓದಿದವರಿಗೆ ಹೊಸದೇನೂ ತಿಳಿಯುವುದಿಲ್ಲ, ಯಾಕೆಂದರೆ ಸಮುದ್ರಕ್ಕೆ ಹೋಗದೆಯೇ ಇಷ್ಟನ್ನೂ ಬರೆಯಬಹುದು. ಹೋಲಿಕೆ ಹುಟ್ಟಬೇಕಾದರೆ ಎರಡೂ ಜೀವಿಗಳಿಗೆ ಒಂದೇ ಪ್ರಶ್ನೆ ಕೇಳಬೇಕು. ಈ ಲೇಖನದಲ್ಲಿ ನಾವು ಕೇಳುವ ಪ್ರಶ್ನೆ: ನೀರಿನಿಂದ ಊಟ ತೆಗೆಯಲು ಈ ಜೀವಿ ತನ್ನ ಕಾಲನ್ನು ಹೇಗೆ ಬಳಸುತ್ತದೆ?

ಹಕ್ಕಿಯಾಗಿ ಬೆಳ್ಳಕ್ಕಿಯನ್ನು ತೆಗೆದುಕೊಳ್ಳೋಣ. ಸಮುದ್ರದ ಕಡೆಯಿಂದ ಬಾರ್ನಕಲ್. ಆ ಹೆಸರು ಕೇಳದವರೂ ಅದನ್ನು ನೋಡಿಯೇ ಇರುತ್ತೀರಿ. ದೋಣಿಯ ತಳ, ಸೇತುವೆಯ ಕಂಬ, ಕಡಲ ಬಂಡೆ ಎಲ್ಲದಕ್ಕೂ ಗುಂಪುಗುಂಪಾಗಿ ಅಂಟಿಕೊಂಡು, ಬರಿಗಾಲಿಗೆ ತಾಗಿದರೆ ಕೊಯ್ಯುವ ಬಿಳಿ, ಬೂದು ಬಣ್ಣದ ಸಣ್ಣ ಗೋಪುರಗಳೇ ಬಾರ್ನಕಲ್.

ಏನೇನು ಬೇಕು

ದುಡ್ಡಿನ ಸಾಮಾನು ಕಡಿಮೆ. ಒಂದು ನೋಟ್‌ಬುಕ್ಕು, ಪೆನ್ಸಿಲ್ (ಉಪ್ಪುನೀರು ಸಿಡಿದರೆ ಪೆನ್ನಿನ ಶಾಯಿ ಹರಡುತ್ತದೆ), ಸ್ಟಾಪ್‌ವಾಚ್ ಇರುವ ಮೊಬೈಲು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಅಗಲ ಬಾಯಿಯ ಒಂದು ಗಾಜಿನ ಬಾಟಲಿ. ಕಾಲೇಜಿನಲ್ಲಿ ದುರ್ಬೀನು ಸಿಕ್ಕರೆ ತನ್ನಿ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಬೆಳ್ಳಕ್ಕಿ ದೊಡ್ಡ ಹಕ್ಕಿ, ಬಯಲಲ್ಲಿ ನಿಲ್ಲುತ್ತದೆ.

ಎರಡರಲ್ಲಿ ಮಾತ್ರ ರಾಜಿ ಬೇಡ. ಹಿಂದೆ ಪಟ್ಟಿಯಿರುವ, ಜಾರದ ಅಡಿಯ ಚಪ್ಪಲಿ ಅಥವಾ ಬೂಟು ಬೇಕು. ಜೊತೆಗೆ ಒಬ್ಬರು ಇರಬೇಕು. ಒಬ್ಬರು ನೋಡುತ್ತ ಹೇಳುವುದು, ಇನ್ನೊಬ್ಬರು ಬರೆಯುವುದು ಈ ಕೆಲಸದ ಕ್ರಮ. ಒಬ್ಬರೇ ಎರಡನ್ನೂ ಮಾಡಲು ಹೋದರೆ ಬರೆಯಲು ತಲೆ ತಗ್ಗಿಸಿದ ಹೊತ್ತಿಗೇ ಹಕ್ಕಿ ಮೀನು ಹಿಡಿದಿರುತ್ತದೆ.

1. ಮೊದಲು ಜೋಡಿಯನ್ನು ಅರ್ಥ ಮಾಡಿಕೊಳ್ಳಿ

ಬಾರ್ನಕಲ್ಲನ್ನು ಚಿಪ್ಪಿಕಲ್ಲಿನ ಸಂಬಂಧಿ ಎಂದು ಬರೆದುಬಿಡುವುದೇ ಮೊದಲ ತಪ್ಪು, ಮತ್ತು ಅತಿ ಸಾಮಾನ್ಯ ತಪ್ಪು. ಹೊರಗಿನ ಸುಣ್ಣದ ಗೋಡೆ ನೋಡಿ ಹಿಂದೆ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳು ರೂಪ ಬದಲಿಸುವುದನ್ನು ಹಿಂಬಾಲಿಸಿ ನೋಡಿ, ಇದು ಏಡಿ, ಶೆಟ್ಲಿಗಳ (ಸಿಗಡಿಗಳ) ಬಳಗದ ಪ್ರಾಣಿ ಎಂದು ತೋರಿಸಿದರು. ಆ ಬಳಗಕ್ಕೆ ಕಠಿಣಚರ್ಮಿಗಳು ಎಂದು ಹೆಸರು: ಗಟ್ಟಿ ಹೊರಕವಚ, ಗೆಣ್ಣುಗೆಣ್ಣಾದ ಕಾಲುಗಳು ಇರುವ ಜೀವಿಗಳು. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್ಲುಗಳನ್ನೇ ಕೊಯ್ದು, ನೋಡಿ, ಬರೆದರು. ಜೀವಿಗಳ ಪ್ರಭೇದಗಳ ಬಗ್ಗೆ ಅವರ ಹೆಸರಾಂತ ಪುಸ್ತಕ ಬಂದದ್ದು ಅದಾದ ಮೇಲೆ, 1859ರಲ್ಲಿ.

ಬಾರ್ನಕಲ್‌ನ ಬದುಕು ಹೀಗಿದೆ. ಮೊಟ್ಟೆಯಿಂದ ಹೊರಬಿದ್ದ ಮರಿ ನೀರಲ್ಲಿ ತೇಲುತ್ತ ಆರು ಹಂತ ದಾಟುತ್ತದೆ. ಈ ಹಂತದ ಮರಿಗೆ ನಾಪ್ಲಿಯಸ್ ಎನ್ನುತ್ತಾರೆ. ಆಮೇಲೆ ಸಿಪ್ರಿಡ್ ಎಂಬ ರೂಪ ತಾಳುತ್ತದೆ. ಸಿಪ್ರಿಡ್ ಏನನ್ನೂ ತಿನ್ನುವುದಿಲ್ಲ, ಅದರ ಕೆಲಸ ಜಾಗ ಹುಡುಕುವುದೊಂದೇ. ತಲೆಯ ಮೀಸೆಗಳಂಥ ಎರಡು ಅಂಗಗಳ ಮೇಲೆ ಬಂಡೆಯಲ್ಲಿ ಹೆಜ್ಜೆಯಿಟ್ಟು ನಡೆದು ನೋಡಿ, ಜಾಗ ಒಪ್ಪಿದರೆ ತಲೆಯ ಕಡೆಯನ್ನೇ ಅಂಟಿನಿಂದ ಕಲ್ಲಿಗೆ ಕಚ್ಚಿಸಿಬಿಡುತ್ತದೆ. ಅಲ್ಲಿಂದ ಮುಂದೆ ಸಾಯುವವರೆಗೂ ಆ ಜಾಗ ಬಿಟ್ಟು ಕದಲುವುದಿಲ್ಲ. ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ತಲೆ ಕೆಳಗೆ ಕಾಲು ಮೇಲೆ ಮಾಡಿ, ಆ ಕಾಲುಗಳಿಂದಲೇ ನೀರನ್ನು ಜಾಲಾಡಿ ಊಟ ಮಾಡುತ್ತದೆ.

ಬೆಳ್ಳಕ್ಕಿಯೂ ಊಟಕ್ಕೆ ಕಾಲನ್ನೇ ನಂಬಿದೆ, ಆದರೆ ಇನ್ನೊಂದೇ ರೀತಿಯಲ್ಲಿ. ಕಾಲು ಅದನ್ನು ನೀರೊಳಗೆ ಹೊತ್ತೊಯ್ಯುತ್ತದೆ, ಮೀನನ್ನು ಎಬ್ಬಿಸುತ್ತದೆ, ಕೊನೆಗೆ ಹಿಡಿಯುವುದು ಕೊಕ್ಕು. ಒಂದೇ ಪ್ರಶ್ನೆಗೆ ಇಷ್ಟು ದೂರದ ಎರಡು ಉತ್ತರ ಸಿಗುವುದರಿಂದಲೇ ಈ ಜೋಡಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ.

2. ಹೊತ್ತು ಮತ್ತು ಜಾಗ ಗೊತ್ತು ಮಾಡಿಕೊಳ್ಳಿ

ಗಡಿಯಾರಕ್ಕಿಂತ ಮೊದಲು ಉಬ್ಬರ-ಇಳಿತ ನೋಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಒಂದೇ ಎತ್ತರಕ್ಕೆ ಬರುವುದಿಲ್ಲ, ಒಂದು ದೊಡ್ಡದು, ಒಂದು ಸಣ್ಣದು. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಳಿತವಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ನೀರು ಮೇಲಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಬಂಡೆ ನೋಡಲು ಆ ದಿನಗಳೇ ಒಳ್ಳೆಯವು. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಮೊಬೈಲಿನಲ್ಲೂ ಸಿಗುತ್ತದೆ. ಇವೆಲ್ಲಕ್ಕಿಂತ ಹತ್ತಿರದ ದಾರಿ, ಹಿಂದಿನ ದಿನ ಊರಿನ ಮೀನುಗಾರರನ್ನು ಕೇಳುವುದು.

ಬೆಳ್ಳಕ್ಕಿಗೆ ಅಳಿವೆ ಪ್ರದೇಶ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ಅತ್ಯುತ್ತಮ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳನ್ನು ಗುರುತಿಸುವ ಪಟ್ಟಿ ಅದು. ಅಲ್ಲಿಯ ಕೆಸರು ದಂಡೆ, ಕಗ್ಗ ಭತ್ತ ಬೆಳೆಯುವ ಮಾಣಿಕಟ್ಟಾ ಕಡೆಯ ಗಜನಿಗಳು (ಉಪ್ಪುನೀರು ಹೊಗುವ ತಗ್ಗು ಗದ್ದೆಗಳು), ತೂಬಿನಿಂದ ನೀರು ಹರಿದು ಹೊರಬೀಳುವ ಜಾಗಗಳಲ್ಲೆಲ್ಲ ಬೆಳ್ಳಕ್ಕಿಗಳು ಕಾದು ನಿಂತಿರುತ್ತವೆ. ಕಾರವಾರದವರಿಗೆ ಕಾಳಿಯ ಅಳಿವೆ ಸಾಕು. ಹೊನ್ನಾವರದವರಿಗೆ ಶರಾವತಿ ಇದೆ.

ಬಾರ್ನಕಲ್ಲಿಗೆ ಕಲ್ಲು ಅಥವಾ ಕಂಬ ಬೇಕು. ಗೋಕರ್ಣದ ಓಂ ಬೀಚು, ಕುಡ್ಲೆಯ ಅಂಚಿನ ಬಂಡೆಗಳು, ಹೊಳೆಯ ಸೇತುವೆಗಳ ಕಂಬಗಳು, ತದಡಿಯಂಥ ಮೀನುಗಾರಿಕೆ ಬಂದರಿನ ಗೋಡೆಗಳನ್ನು ನೋಡಿ. ನೀರು ಇಳಿದಾಗ ಕಂಬದ ಸುತ್ತ ಒಂದು ಎತ್ತರದಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಅದೇ ಬಾರ್ನಕಲ್‌ಗಳ ಬೀಡು. ಅದಕ್ಕಿಂತ ಮೇಲೆ ಹೋದರೆ ಒಣಗಿ ಸಾಯುತ್ತವೆ.

ಇಲ್ಲಿ ನಾಲ್ಕು ಎಚ್ಚರಿಕೆ, ನಾಲ್ಕೂ ಮುಖ್ಯ.

ಮಳೆಗಾಲದಲ್ಲಿ ಬಂಡೆಗೆ ಇಳಿಯಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ದಡದಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆ ಕಡಲಬಂಡೆಯಲ್ಲಿ ಕೆಲಸವಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳು ಆರಿಸಿಕೊಳ್ಳಿ. ಹೈದರಾಬಾದಿನ ಇನ್ಕೋಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ಮುಂಚೆ ನೋಡಿ.

ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಡಿ. ಇಳಿತದ ಕೊನೆಗೆ ಒಂದು ಗಂಟೆ ಮುಂಚೆ ಬಂಡೆಗೆ ಹೋಗಿ, ನೀರು ತಿರುಗಿದ ಕೂಡಲೆ ಎದ್ದು ಬನ್ನಿ. ಬೆಳಿಗ್ಗೆ ಒಣಗಿದ್ದ ಸಂದು ಹಿಂದೆ ಬರುವಾಗ ಸೊಂಟದ ಮಟ್ಟ ನೀರಾಗಿರಬಹುದು.

ಕಾರವಾರದ ಆಸುಪಾಸಿನಲ್ಲಿ ನೌಕಾನೆಲೆ ಇದೆ. ಅದರ ಬೇಲಿಯ ಹತ್ತಿರ ದುರ್ಬೀನು, ಕ್ಯಾಮೆರಾ ಎತ್ತಬೇಡಿ. ಹಕ್ಕಿ ನೋಡುತ್ತಿದ್ದೆ ಎಂದರೂ ತೊಂದರೆ ತಪ್ಪುವುದಿಲ್ಲ. ಬಂದರಿನ ಒಳಗೆ ಹೋಗುವುದಾದರೆ ಕಾಲೇಜಿನ ಪತ್ರ ಹಿಡಿದು ಅನುಮತಿ ಕೇಳಿ.

ಬಾರ್ನಕಲ್ ಕೊಯ್ದ ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಮುದ್ರದ ಕೊಳಕು ಒಳಗೆ ಹೋಗಿ ಕೀವಾಗುತ್ತದೆ. ಕೂಡಲೆ ಸಿಹಿನೀರು, ಸೋಪಿನಲ್ಲಿ ತೊಳೆಯಿರಿ. ಆಳವಾಗಿದ್ದರೆ, ಅಥವಾ ಕೆಂಪಾಗಿ ಊದಿದರೆ, ಅದೇ ದಿನ ಡಾಕ್ಟರಿಗೆ ತೋರಿಸಿ.

3. ಸರಿಯಾದ ಬೆಳ್ಳಕ್ಕಿಯನ್ನು ಗುರುತಿಸಿ

ಬಿಳಿ ಹಕ್ಕಿಗಳೆಲ್ಲ ಒಂದೇ ಅಲ್ಲ. ನಮಗೆ ಬೇಕಾದದ್ದು ಚಿಕ್ಕ ಬೆಳ್ಳಕ್ಕಿ, ವೈಜ್ಞಾನಿಕ ಹೆಸರು ಎಗ್ರೆಟ್ಟಾ ಗಾರ್ಜೆಟ್ಟಾ. ಕೊಕ್ಕಿನಿಂದ ಬಾಲದವರೆಗೆ ಅಂದಾಜು 55ರಿಂದ 65 ಸೆಂಟಿಮೀಟರ್. ಕೊಕ್ಕು ಕಪ್ಪು, ಕಾಲು ಕಪ್ಪು, ಆದರೆ ಪಾದದ ಬೆರಳು ಮಾತ್ರ ಹಳದಿ. ನೀರಿನಿಂದ ಕಾಲೆತ್ತಿದಾಗ ಆ ಹಳದಿ ಎದ್ದು ಕಾಣುತ್ತದೆ.

ಗೊಂದಲ ಮಾಡುವವು ಮೂರು. ಗದ್ದೆಯಲ್ಲಿ ದನಗಳ ಹಿಂದೆ ಓಡಾಡುವ, ಕೊಕ್ಕು ಹಳದಿಯಿರುವ ಗೋವಕ್ಕಿ. ಅದಕ್ಕೆ ನಮ್ಮ ಪ್ರಶ್ನೆ ಹೊಂದುವುದಿಲ್ಲ, ಬಿಟ್ಟುಬಿಡಿ. ಚಿಕ್ಕ ಬೆಳ್ಳಕ್ಕಿಗಿಂತ ಬಹಳ ಎತ್ತರದ, ಪಾದವೂ ಕಪ್ಪಗಿರುವ ದೊಡ್ಡ ಬೆಳ್ಳಕ್ಕಿ. ಮೂರನೆಯದು ಕಡಲಬಂಡೆಗಳ ಬಕ, ಇಂಗ್ಲಿಷ್ ಪುಸ್ತಕಗಳಲ್ಲಿ ವೆಸ್ಟರ್ನ್ ರೀಫ್ ಎಗ್ರೆಟ್. ಎಚ್ಚರ ಬೇಕಾದದ್ದು ಇದರ ವಿಷಯದಲ್ಲೇ. ಇದರಲ್ಲಿ ಬೂದು-ಕಪ್ಪು ಬಣ್ಣದವೂ ಇವೆ, ಪೂರ್ತಿ ಬಿಳಿಯವೂ ಇವೆ. ಕಪ್ಪನೆಯದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ. ಬಿಳಿಯದನ್ನು ಬೆಳ್ಳಕ್ಕಿ ಎಂದೇ ಬರೆದುಬಿಡುತ್ತಾರೆ. ಅದರ ಕೊಕ್ಕು ತುಸು ದಪ್ಪ, ಬಣ್ಣ ಹಳದಿ ಅಥವಾ ಕಂದು. ಕೊಕ್ಕಿನ ಬಣ್ಣ ಖಚಿತವಾಗಿ ಕಾಣದಿದ್ದರೆ ಆ ಹಕ್ಕಿಯನ್ನು ಎಣಿಕೆಗೆ ಸೇರಿಸಬೇಡಿ. ಸಂಶಯವಿರುವ ಹತ್ತು ಹಕ್ಕಿಗಿಂತ ಖಾತ್ರಿಯಿರುವ ಐದು ಹಕ್ಕಿಯ ಲೆಕ್ಕ ಮೇಲು.

4. ಬೆಳ್ಳಕ್ಕಿಯ ಕಾಲನ್ನು ಎಣಿಸಿ

ಗುಂಪನ್ನು ನೋಡಬೇಡಿ. ಒಂದು ಹಕ್ಕಿಯನ್ನು ಆರಿಸಿ, ಐದು ನಿಮಿಷ ಅದನ್ನೊಂದನ್ನೇ ಹಿಂಬಾಲಿಸಿ. ನೋಡುವವರು ಬಾಯಲ್ಲಿ ಹೇಳುತ್ತ ಹೋಗಬೇಕು, ಬರೆಯುವವರು ಗೀಟು ಎಳೆಯುತ್ತ ಹೋಗಬೇಕು. ಎಣಿಸಬೇಕಾದ್ದು ನಾಲ್ಕು: ಇಟ್ಟ ಹೆಜ್ಜೆ, ಕಾಲಿನಿಂದ ಕೆಸರು ಕದಡಿದ ಸಲ, ಕೊಕ್ಕಿನ ಹೊಡೆತ, ನುಂಗಿದ ಬೇಟೆ. ನುಂಗಿದ್ದು ಗೊತ್ತಾಗುವುದು ಹೇಗೆ? ಹೊಡೆದ ಮೇಲೆ ತಲೆ ಎತ್ತಿ ಹಿಂದಕ್ಕೆ ಚಿಮ್ಮಿಸುತ್ತದೆ, ಕೆಲವೊಮ್ಮೆ ಕತ್ತಿನೊಳಗೆ ಉಬ್ಬು ಇಳಿಯುವುದೂ ಕಾಣುತ್ತದೆ. ತಲೆ ಬಗ್ಗಿಸಿಯೇ ಮುಂದೆ ನಡೆದರೆ ಹೊಡೆತ ತಪ್ಪಿತು ಎಂದು ಬರೆದುಕೊಳ್ಳಿ.

ಕದಡುವುದನ್ನು ಗಮನವಿಟ್ಟು ನೋಡಿ, ಈ ಪ್ರಾಜೆಕ್ಟಿನ ಜೀವ ಅದರಲ್ಲಿದೆ. ತೆಳು ನೀರಿನಲ್ಲಿ ಬೆಳ್ಳಕ್ಕಿ ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸ್ವಲ್ಪ ಮುಂದೆ ಚಾಚಿ, ಬೆರಳುಗಳನ್ನು ಕೆಸರಿನ ಮೇಲೆ ಸಣ್ಣಗೆ, ವೇಗವಾಗಿ ನಡುಗಿಸುತ್ತದೆ. ಕೆಸರು ಮೋಡದ ಹಾಗೆ ಏಳುತ್ತದೆ. ಅಡಗಿದ್ದ ಶೆಟ್ಲಿ, ಪುಟ್ಟ ಮೀನು ಹೊರಗೆ ನೆಗೆಯುತ್ತದೆ. ಈ ಹೊತ್ತಿನಲ್ಲಿ ಹಕ್ಕಿಯ ತಲೆ ಅಲುಗುವುದಿಲ್ಲ. ಕಾಲು ಕುಣಿಯುತ್ತಿದ್ದರೂ ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಮರುಕ್ಷಣ ಎಸ್ ಆಕಾರಕ್ಕೆ ಮಡಿಸಿಟ್ಟ ಕುತ್ತಿಗೆ ಬಿಚ್ಚಿ ಕೊಕ್ಕು ನೀರಿಗಿಳಿಯುತ್ತದೆ. ಬೆಳ್ಳಕ್ಕಿಯೂ ಸೇರಿದ ಬಕಗಳ ಬಳಗದಲ್ಲಿ ಕುತ್ತಿಗೆಯ ಆರನೆಯ ಮೂಳೆ ಉದ್ದವಾಗಿರುವುದರಿಂದ ಅಲ್ಲೊಂದು ಕೊಂಕು ಬಂದಿದೆ. ಆ ವೇಗದ ಹೊಡೆತಕ್ಕೆ ಅದೇ ಕಾರಣ. ನೀರೊಳಗಿನ ವಸ್ತು ಇದ್ದ ಜಾಗದಲ್ಲಿ ಕಾಣುವುದಿಲ್ಲ, ಬೆಳಕು ನೀರಿನಿಂದ ಹೊರಬರುವಾಗ ಬಾಗುತ್ತದೆ. ಆ ವ್ಯತ್ಯಾಸವನ್ನು ತೂಗಿಸಿಕೊಂಡೇ ಬೆಳ್ಳಕ್ಕಿ ಹೊಡೆಯುತ್ತದೆ.

ಚಿತ್ರ ಬರೆಯುವಾಗ ಬಹುಪಾಲು ಎಲ್ಲರೂ ಎಡವುವ ಜಾಗ ಒಂದಿದೆ. ಬೆಳ್ಳಕ್ಕಿಯ ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟನ್ನು “ಮೊಣಕಾಲು” ಎಂದು ಗುರುತು ಹಾಕುತ್ತಾರೆ. ಅದು ಹಿಮ್ಮಡಿಯ ಗಂಟು. ನಿಜವಾದ ಮೊಣಕಾಲು ಇನ್ನೂ ಮೇಲೆ, ಪುಕ್ಕದೊಳಗೆ ಮುಚ್ಚಿಹೋಗಿದೆ. ಅದು ನಮ್ಮದರ ಹಾಗೆಯೇ ಮುಂದಕ್ಕೆ ಬಾಗುತ್ತದೆ. ಹಿಮ್ಮಡಿಯಿಂದ ಬೆರಳಿನವರೆಗಿನ ಉದ್ದ ಕಡ್ಡಿಯಂಥ ಭಾಗ ಪಾದದ ಮೂಳೆಗಳು ಬೆಸೆದುಕೊಂಡು ಆದದ್ದು. ಅಂದರೆ ಬೆಳ್ಳಕ್ಕಿ ನಡೆಯುವುದು ಬೆರಳ ತುದಿಯಲ್ಲಿ. ಈ ಒಂದು ಗುರುತು ಸರಿಯಾಗಿದ್ದರೆ ಪರೀಕ್ಷಕರು ನಿಮ್ಮ ಮಿಕ್ಕ ಕೆಲಸವನ್ನೂ ನಂಬುತ್ತಾರೆ.

ಹಕ್ಕಿ ಕುತ್ತಿಗೆ ನೆಟ್ಟಗೆ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ಹೆಚ್ಚು ಹತ್ತಿರವಿದ್ದೀರಿ. ಹಿಂದೆ ಸರಿಯಿರಿ, ಆ ಐದು ನಿಮಿಷದ ಲೆಕ್ಕ ಬಿಟ್ಟು ಹೊಸದಾಗಿ ಶುರು ಮಾಡಿ. ಗೂಡುಕಟ್ಟಿದ ಮರದ ಹತ್ತಿರ ಹೋಗಲೇಬಾರದು. ಒಂದೇ ಹಕ್ಕಿಯನ್ನು ಐದು ಸಲ ನೋಡಿ ಐದು ಹಕ್ಕಿ ಎಂದು ಬರೆಯುವ ಅಪಾಯವೂ ಇದೆ. ಅದಕ್ಕೆ ಒಂದು ಲೆಕ್ಕ ಮುಗಿದ ಮೇಲೆ ಬೇರೆ ಜಾಗಕ್ಕೆ ನಡೆದು ಇನ್ನೊಂದು ಹಕ್ಕಿ ಹಿಡಿಯಿರಿ.

5. ಬಾರ್ನಕಲ್ಲಿನ ಕಾಲನ್ನು ಎಣಿಸಿ

ಬಂಡೆಯಿಂದ ಕೆರೆದು ತೆಗೆಯಬೇಡಿ. ತೆಗೆದ ಬಾರ್ನಕಲ್ ಸಾಯುತ್ತದೆ, ಇನ್ನೊಮ್ಮೆ ಅಂಟಿಕೊಳ್ಳಲು ಅದಕ್ಕಾಗುವುದಿಲ್ಲ. ಬಾರ್ನಕಲ್ ಕೂತಿರುವ ಸಣ್ಣ ಕಲ್ಲು, ಚಿಪ್ಪು, ತೇಲಿಬಂದ ಕಟ್ಟಿಗೆಯ ತುಂಡು ಹುಡುಕಿ. ಮೀನುಪೇಟೆಯಲ್ಲಿ ಆಗಷ್ಟೇ ಬಂದ ನೀಲಿಕಲ್ಲಿನ (ತಿನ್ನುವ ಒಂದು ಬಗೆಯ ಚಿಪ್ಪುಜೀವಿ) ಮೈಮೇಲೂ ಎಷ್ಟೋ ಸಲ ಜೀವಂತ ಬಾರ್ನಕಲ್ ಇರುತ್ತವೆ. ಗೋಪುರದ ಬಾಯಿ ಖಾಲಿಯಾಗಿ ತೂತು ಕಾಣಿಸಿದರೆ ಅದು ಸತ್ತದ್ದು. ಬಾಯಿಗೆ ಪುಟ್ಟ ಬಾಗಿಲು ಮುಚ್ಚಿದ್ದರೆ ಒಳಗೆ ಪ್ರಾಣಿ ಇರುವ ಸಂಭವ ಹೆಚ್ಚು. ನಮ್ಮ ಅಳಿವೆ, ಬಂದರುಗಳಲ್ಲಿ ಸಿಗುವ, ಬಿಳಿ ಗೋಡೆಯ ಮೇಲೆ ನೇರಳೆ ಗೀಟುಗಳಿರುವ ಜಾತಿ ಆಂಫಿಬಲಾನಸ್ ಆಂಫಿಟ್ರೈಟ್. ಅದರ ಗೋಡೆಯಲ್ಲಿ ಆರು ಫಲಕಗಳಿವೆ, ಕೈಮಸೂರದಲ್ಲಿ ಎಣಿಸಬಹುದು.

ಬಾಟಲಿಗೆ ಅದೇ ಜಾಗದ ಸಮುದ್ರದ ನೀರು ತುಂಬಿ. ನಲ್ಲಿ ನೀರಿಗೆ ಉಪ್ಪು ಬೆರೆಸಿ ಹಾಕುವುದು ಬೇಡ. ಕಲ್ಲನ್ನು ನಿಧಾನವಾಗಿ ಇಳಿಸಿ, ನೆರಳಿನಲ್ಲಿ ಇಟ್ಟು, ಅಲುಗಿಸದೆ ಕಾಯಿರಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬಾಗಿಲ ನಡುವೆ ಸಣ್ಣ ಸೀಳು ಬಿಡುತ್ತದೆ. ಆ ಸೀಳಿನಿಂದ ಸುರುಳಿ ಸುತ್ತಿದ್ದ, ಗರಿಯಂಥ ಕಾಲುಗಳು ಒಟ್ಟಿಗೆ ಬಿಚ್ಚಿಕೊಂಡು ಹೊರಬರುತ್ತವೆ. ಮೀನುಗಾರರ ಬೀಸುಬಲೆಯಂತೆ ಅಗಲವಾಗಿ ಹರಡಿ, ನೀರನ್ನು ಸೋಸಿ, ಮಡಚಿಕೊಂಡು ಒಳಹೋಗುತ್ತವೆ. ಮತ್ತೆ ಹೊರಗೆ, ಮತ್ತೆ ಒಳಗೆ. ಒಮ್ಮೆ ಹೊರಬಂದು ಒಳಹೋದರೆ ಒಂದು ಬೀಸು ಎಂದು ಲೆಕ್ಕ ಹಿಡಿಯಿರಿ.

ಈ ಕಾಲುಗಳು ಆರು ಜೊತೆ. ಪ್ರತಿ ಕಾಲೂ ಎರಡಾಗಿ ಕವಲೊಡೆದಿದೆ, ಪ್ರತಿ ಕವಲಿಗೂ ಸಾಲು ಸಾಲು ಬಿರುಗೂದಲು. ಪುಸ್ತಕಗಳಲ್ಲಿ ಇವಕ್ಕೆ ಸಿರೈ ಎಂಬ ಹೆಸರು. ಉದ್ದನೆಯ ಮೂರು ಜೊತೆ ಬಲೆ ಬೀಸುತ್ತವೆ, ಗಿಡ್ಡನೆಯ ಮೂರು ಜೊತೆ ಸಿಕ್ಕಿದ್ದನ್ನು ಬಾಯಿಗೆ ದಾಟಿಸುತ್ತವೆ. ಉಸಿರಾಟಕ್ಕೂ ಇವೇ ನೆರವಾಗುತ್ತವೆ, ಯಾಕೆಂದರೆ ಬಾರ್ನಕಲ್ಲಿಗೆ ಕಿವಿರುಗಳಿಲ್ಲ.

ಹತ್ತು ಬಾರ್ನಕಲ್ ಆರಿಸಿ, ಒಂದೊಂದರ ಬೀಸನ್ನೂ ಒಂದು ನಿಮಿಷ ಎಣಿಸಿ. ನೀರಿನ ಉಷ್ಣತೆ ಅಳೆದು ಪಕ್ಕದಲ್ಲಿ ಬರೆಯಿರಿ, ನೀರು ಬೆಚ್ಚಗಾದಂತೆ ಒಂದು ಮಿತಿಯವರೆಗೆ ಬೀಸಿನ ವೇಗವೂ ಏರುತ್ತದೆ. ಬಿಸಿಲಿನಲ್ಲಿಟ್ಟ ಬಾಟಲಿಯ ಲೆಕ್ಕವನ್ನೂ ನೆರಳಿನ ಲೆಕ್ಕವನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಸಮುದ್ರದಲ್ಲಿ ನೀರು ಜೋರಾಗಿ ಹರಿಯುವಾಗ ಬಾರ್ನಕಲ್ ಬೀಸುವುದನ್ನು ಬಿಟ್ಟು ಕಾಲುಗಳನ್ನು ಸುಮ್ಮನೆ ಚಾಚಿ ಹಿಡಿದಿರುತ್ತದೆ, ಹರಿವೇ ಊಟ ತಂದು ಸುರಿಯುತ್ತದೆ. ಆದ್ದರಿಂದ ಬಾಟಲಿಯ ಲೆಕ್ಕವನ್ನು “ನಿಂತ ನೀರಿನಲ್ಲಿ” ಎಂದು ನಮೂದಿಸಿಯೇ ಬರೆಯಬೇಕು.

ಆಮೇಲೆ ಬಾಟಲಿಗೂ ಬೆಳಕಿಗೂ ನಡುವೆ ಅಂಗೈ ಹಾಯಿಸಿ. ನೆರಳು ಬಿದ್ದ ಕೂಡಲೆ ಕಾಲುಗಳು ಒಳಗೆ, ಬಾಗಿಲು ಬಂದ್. ಬೆಳಕು ತಟ್ಟನೆ ಕಡಿಮೆಯಾದದ್ದನ್ನು ತಿಳಿಯುವ ಪುಟ್ಟ ಕಣ್ಣುಗಳು ಅದಕ್ಕಿವೆ. ಆದರೆ ಮತ್ತೆ ಮತ್ತೆ ಕೈ ಹಾಯಿಸಿದರೆ ಅದಕ್ಕೆ ಅಭ್ಯಾಸವಾಗಿ ಮುಚ್ಚುವುದು ಕಡಿಮೆಯಾಗುತ್ತದೆ. ಅದಕ್ಕೇ ನೆರಳಿನ ಪರೀಕ್ಷೆಯನ್ನು ಬೀಸಿನ ಎಣಿಕೆ ಮುಗಿದ ಮೇಲೆ, ನಡುವೆ ಬಿಡುವು ಕೊಟ್ಟು ಮಾಡಿ. ಹತ್ತಿರ ಬಗ್ಗಿ ನೋಡುವಾಗ ನಿಮ್ಮ ತಲೆಯ ನೆರಳೇ ಬಿದ್ದು ಎಣಿಕೆ ಹಾಳಾಗುವುದುಂಟು, ಕೂರುವ ದಿಕ್ಕು ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ಬಂಡೆಯಿಂದ ತಂದ ಕಲ್ಲನ್ನು ಅದೇ ದಿನ, ಅದೇ ಎತ್ತರದಲ್ಲಿ ಇಟ್ಟು ಬನ್ನಿ. ದಾರಿಯಲ್ಲಿ ಕಡಲಕುದುರೆ, ಹವಳ, ಕಡಲ ಸೌತೆ ಕಂಡರೆ ಮುಟ್ಟದೆ ಬಿಡಿ. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕಾಲೇಜಿನ ಮ್ಯೂಸಿಯಮ್ಮಿಗೆಂದು ಸಂಗ್ರಹಿಸುವುದೂ ಅಪರಾಧ.

6. ಎರಡನ್ನೂ ಒಂದೇ ಹಾಳೆಗೆ ತನ್ನಿ

ಇಲ್ಲಿಯವರೆಗೆ ನಿಮ್ಮ ಕೈಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ನೇರವಾಗಿ “ಬೆಳ್ಳಕ್ಕಿ ನಿಮಿಷಕ್ಕೆ ಇಷ್ಟು ಹೊಡೆತ, ಬಾರ್ನಕಲ್ ನಿಮಿಷಕ್ಕೆ ಇಷ್ಟು ಬೀಸು, ಆದ್ದರಿಂದ ಬಾರ್ನಕಲ್ ಹೆಚ್ಚು ಚುರುಕು” ಎಂದು ಬರೆದರೆ ಅದು ತಪ್ಪು. ಹೊಡೆತ ಎಂದರೆ ಕಣ್ಣಿಟ್ಟು ಆರಿಸಿದ ಒಂದು ಬೇಟೆ. ಬೀಸು ಎಂದರೆ ಏನು ಸಿಗುತ್ತದೋ ಎಂದು ಸೋಸಿದ ಒಂದು ಪಾಲು ನೀರು. ಹೋಲಿಸಬಹುದಾದದ್ದು ಕ್ರಮವನ್ನು: ಬೇಟೆಯನ್ನು ಹುಡುಕುವವರು ಯಾರು, ಹತ್ತಿರ ತರುವುದು ಏನು, ಹಿಡಿಯುವ ಅಂಗ ಯಾವುದು, ಬಾಯಿಗೆ ಸಾಗಿಸುವುದು ಯಾವುದು. ಈ ನಾಲ್ಕು ಪ್ರಶ್ನೆಗೆ ಎರಡೂ ಜೀವಿಗಳಲ್ಲಿ ಕಾಲಿನ ಪಾತ್ರವೇನು ಎಂದು ಬರೆಯಿರಿ. ಬೆಳ್ಳಕ್ಕಿಯಲ್ಲಿ ಕಾಲು ಮೊದಲೆರಡು ಕೆಲಸ ಮಾಡಿ ನಿಲ್ಲುತ್ತದೆ. ಬಾರ್ನಕಲ್ಲಿನಲ್ಲಿ ನೀರು ತಂದುಕೊಟ್ಟ ಮೇಲಿನ ಎಲ್ಲ ಕೆಲಸವೂ ಕಾಲಿನದೇ.

ಇದಕ್ಕಿಂತ ಒಳ್ಳೆಯ ಹಾಳೆ ಇನ್ನೊಂದಿದೆ. ಅಡ್ಡಲಾಗಿ ಹನ್ನೆರಡು ಗಂಟೆಗಳ ಗೆರೆ ಎಳೆದು, ಅದರ ಮೇಲೆ ಆ ದಿನದ ಉಬ್ಬರ-ಇಳಿತದ ಏರಿಳಿತ ಬರೆಯಿರಿ. ಕೆಳಗೆ ಎರಡು ಪಟ್ಟಿ. ಒಂದರಲ್ಲಿ ಬೆಳ್ಳಕ್ಕಿ ಮೇಯುತ್ತಿದ್ದ ಹೊತ್ತು, ಇನ್ನೊಂದರಲ್ಲಿ ನೀವು ಗುರುತು ಮಾಡಿದ ಬಾರ್ನಕಲ್ ನೀರೊಳಗಿದ್ದ ಹೊತ್ತು. ನೀರು ಇಳಿಯುತ್ತ ಹೋದಂತೆ ಕೆಸರು ದಂಡೆ ಬಿಡುತ್ತದೆ, ಮೀನುಗಳು ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ, ಬೆಳ್ಳಕ್ಕಿಯ ಊಟ ಶುರು. ಅದೇ ಹೊತ್ತಿಗೆ ಬಾರ್ನಕಲ್ ಬಾಗಿಲು ಹಾಕಿ, ಒಳಗೆ ಉಳಿಸಿಕೊಂಡ ನೀರಿನ ತೇವದಲ್ಲಿ ಉಪವಾಸ ಕೂರುತ್ತದೆ. ನೀರು ಏರಿದಾಗ ಬಾರ್ನಕಲ್ ಕಾಲು ಹೊರಚಾಚುತ್ತದೆ, ಬೆಳ್ಳಕ್ಕಿ ದಂಡೆ ಬಿಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಮರಕ್ಕೋ ಗಜನಿಗೋ ಹಾರುತ್ತದೆ. ಒಂದೇ ಅಳಿವೆಯಲ್ಲಿ ಎರಡು ಊಟದ ವೇಳೆಗಳು ಒಂದಕ್ಕೊಂದು ತಿರುಗುಮುರುಗಾಗಿ ನಡೆಯುವುದು ಈ ಹಾಳೆಯಲ್ಲಿ ಕಣ್ಣಿಗೆ ಕಾಣುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ನಕಲು ಮಾಡಲಾಗುವುದಿಲ್ಲ, ನಿಮ್ಮೂರಿನ ನೀರಿನ ಲೆಕ್ಕ ಅದು.

ಇಬ್ಬರನ್ನೂ ಬೆಸೆಯುವ ಎಳೆಯೂ ಇದೆ, ಅದನ್ನೂ ಸೇರಿಸಿ. ತೇಲುವ ಬಾರ್ನಕಲ್ ಮರಿಗಳು ಸಣ್ಣ ಮೀನು, ಮೀನಿನ ಮರಿಗಳ ಆಹಾರದಲ್ಲಿ ಸೇರಿವೆ. ಆ ಮೀನುಗಳು ಬೆಳ್ಳಕ್ಕಿಯ ಆಹಾರ.

ಎರಡು ಶಬ್ದ ತಿಳಿದಿರಲಿ. ಒಂದೇ ಮೂಲದಿಂದ ಬಂದು ಬೇರೆ ಬೇರೆ ಕೆಲಸ ಮಾಡುವ ಅಂಗಗಳು ರಚನಾನುರೂಪಿ. ಬೆಳ್ಳಕ್ಕಿಯ ಕಾಲೂ ನಿಮ್ಮ ಕಾಲೂ ಹೀಗೆ. ಮೂಲ ಬೇರೆಯಾದರೂ ಕೆಲಸ ಒಂದೇ ಆಗಿರುವವು ಕಾರ್ಯಾನುರೂಪಿ. ಬೆಳ್ಳಕ್ಕಿಯ ಕಾಲಿಗೆ ಮೂಳೆ ಒಳಗಿದೆ, ಬಾರ್ನಕಲ್ಲಿನ ಕಾಲಿಗೆ ಕವಚ ಹೊರಗಿದೆ. ಎರಡರ ವಂಶಗಳೂ 50 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು. ಎರಡಕ್ಕೂ ನಾವು “ಕಾಲು” ಎನ್ನುತ್ತೇವೆಂದು ಅವು ರಚನಾನುರೂಪಿ ಎಂದು ಬರೆಯಬೇಡಿ.

7. ಬರೆದು ಒಪ್ಪಿಸುವಾಗ

ಅಂತರ್ಜಾಲದಲ್ಲಿ ಬಾರ್ನಕಲ್ ಎಂದು ಹುಡುಕಿದರೆ ಬರುವ ಮಾಹಿತಿಯಲ್ಲಿ ಬಹಳಷ್ಟು ಉತ್ತರ ಅಟ್ಲಾಂಟಿಕಿನ ತಣ್ಣೀರಿನ ಜಾತಿಗಳದ್ದು. ವರ್ಷಕ್ಕೊಮ್ಮೆ ಮರಿ, ಚಳಿಗಾಲದ ಹೊಂದಾಣಿಕೆ ಮುಂತಾದವನ್ನು ಅಲ್ಲಿಂದ ಎತ್ತಿ ಕಾರವಾರದ ಬಾರ್ನಕಲ್ಲಿಗೆ ಅಂಟಿಸಬೇಡಿ. ಇಲ್ಲಿಯ ಸವಾಲು ಬೇರೆ: ಬೇಸಿಗೆಯಲ್ಲಿ ಕಾದ ಬಂಡೆ, ಮಳೆಗಾಲದಲ್ಲಿ ಹೊಳೆಯ ನೀರು ನುಗ್ಗಿ ಉಪ್ಪೇ ಇಳಿದುಹೋಗುವ ಅಳಿವೆ.

ದಿನಾಂಕ, ಜಾಗ, ಇಳಿತದ ಹೊತ್ತು, ನೀರಿನ ಉಷ್ಣತೆ, ನೋಡಿದ ಹಕ್ಕಿಗಳ ಸಂಖ್ಯೆ ಮೊದಲ ಪುಟದಲ್ಲೇ ಇರಲಿ. ಒದ್ದೆಯಾಗಿ ಮುದುರಿದ ನೋಟ್‌ಬುಕ್ಕಿನ ಮೂಲ ಹಾಳೆಗಳನ್ನು ಚೆಂದದ ಪ್ರತಿಯ ಹಿಂದೆ ಲಗತ್ತಿಸಿ. ತಪ್ಪಿದ ಹೊಡೆತಗಳನ್ನು, ಬಾಗಿಲು ತೆರೆಯದೇ ಕೂತ ಬಾರ್ನಕಲ್‌ಗಳನ್ನು ಲೆಕ್ಕದಿಂದ ತೆಗೆಯಬೇಡಿ. ಹತ್ತರಲ್ಲಿ ಮೂರು ತೆರೆಯಲಿಲ್ಲವೆಂದರೆ ಅದನ್ನೂ ಬರೆಯಿರಿ, ಅದೂ ಫಲಿತಾಂಶವೇ. ಮೀನುಗಾರರು ಹೇಳಿದ ಮಾಹಿತಿಯಿದ್ದರೆ “ಸ್ಥಳೀಯ ಮೀನುಗಾರರು ತಿಳಿಸಿದಂತೆ” ಎಂದು ನಮೂದಿಸಿ.

ಜಾತಿ ಗುರುತಿಸುವಲ್ಲಿ ಸಿಕ್ಕಿಹಾಕಿಕೊಂಡರೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಮೇಷ್ಟ್ರ ಮೂಲಕ ಮುಂಚೆ ಪತ್ರ ಬರೆದು, ಸ್ಪಷ್ಟವಾದ ಫೋಟೊ ಜೊತೆಗಿಟ್ಟುಕೊಂಡು ಹೋಗಿ. ಫೋಟೊದಲ್ಲಿ ಬಾರ್ನಕಲ್ ಪಕ್ಕ ಒಂದು ಸ್ಕೇಲು ಇಟ್ಟು ತೆಗೆದಿರಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು. ಗಾತ್ರ ತಿಳಿಯದ ಚಿತ್ರ ನೋಡಿ ಜಾತಿ ಹೇಳುವುದು ತಜ್ಞರಿಗೂ ಕಷ್ಟ.